ಸಿಲ್ವರ್ ಗಿಡಕ್ಕೆ ಹೊನ್ನೆಯ ಹೆಸರು

ದಸರಾ ರಜೆ ಮುಗಿದು ಕಾಲೇಜು ತೆರೆದ ದಿನ ನವ್ಯಶ್ರೀ ಹೆಗಲ ಚೀಲವನ್ನೂ ಇಳಿಸದೆ ನೇರವಾಗಿ ಹಾಸ್ಟೆಲಿನ ಹಿಂದಿನ ಇಳಿಜಾರಿಗೆ ನಡೆದಳು. ರಜೆಯಲ್ಲಿ ಗಿಡಗಳು ಎಷ್ಟು ಚಿಗುರಿವೆಯೋ ನೋಡಿಬಿಡೋಣ ಎಂಬ ಆಸೆ. ಹೋದವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಇಳಿಜಾರು ಬೋಳಾಗಿತ್ತು. ಬೋಳೆಂದರೆ ಅಂತಿಂಥ ಬೋಳಲ್ಲ, ಮದುವೆ ಮನೆಯ ಅಂಗಳ ಗುಡಿಸಿದ ಹಾಗೆ ಬೋಳು. ಜರೀಗಿಡವಿಲ್ಲ, ಕುರುಚಲಿಲ್ಲ, ಮುಳ್ಳುಬಳ್ಳಿಯಿಲ್ಲ. ಅವುಗಳ ನಡುನಡುವೆ ಅವಳ ಎದೆಯೆತ್ತರಕ್ಕೆ ಬಂದಿದ್ದ ಹೊನ್ನೆಯಿಲ್ಲ, ನಂದಿಯಿಲ್ಲ, ಹೆಬ್ಬಲಸಿಲ್ಲ, ನೇರಳೆಯಿಲ್ಲ. ಕಡಿದ ಸೊಪ್ಪನ್ನೆಲ್ಲ ಸಾಲು ಹಿಡಿದು ಒಟ್ಟಿದ್ದರು. ಅದು ಆಗಲೇ ಬಾಡಿ ಹುಳಿವಾಸನೆ ಬೀರುತ್ತಿತ್ತು.

ನೆಲಕ್ಕೆ ಕೂತು ರಾಶಿಯೊಳಗೆ ಕೈ ಹಾಕಿದಳು. ಹೊನ್ನೆಯ ಕಾಂಡವೊಂದು ಸಿಕ್ಕಿತು. ಕಡಿದ ಜಾಗದಲ್ಲಿ ಕೆಂಪು ರಸ ಒಸರಿ ಹೆಪ್ಪುಗಟ್ಟಿತ್ತು. ಹೊನ್ನೆಯ ಜಾತಿಯೇ ಹಾಗೆ, ಕತ್ತಿ ತಗುಲಿದರೆ ಮನುಷ್ಯರಂತೆ ರಕ್ತ ಸುರಿಸುತ್ತದೆ. ಅಳು ಬರಬೇಕಿತ್ತು, ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿಕೊಂಡಿತು.

ಹಿಂದಿನಿಂದ ಅಮ್ಜದ್ ಬಂದು ನಿಂತ. ಸಕಲೇಶಪುರದಲ್ಲಿ ಲಾರಿಗಳಿಗೆ ಬಣ್ಣ ಬಳಿದು ಬೋರ್ಡು ಬರೆಯುವ ನಜೀರ್ ಸಾಬರ ಮಗ, ಅವಳದೇ ತರಗತಿ. ಈ ಗಿಡಗಳನ್ನು ಹಾಕಿದವರಲ್ಲಿ ಅವನೂ ಒಬ್ಬ.

"ಯಾರೋ ಕಡ್ದಿದ್ದು?" ಎಂದಳು ನವ್ಯಶ್ರೀ.

"ಕಡ್ದಿದ್ದಲ್ವಂತೆ, ಕಳೆ ಹೊಡ್ಸಿದ್ದಂತೆ. ಅಧ್ಯಕ್ಷರ ಎಸ್ಟೇಟಿಂದ ಆಳು ಬಂದಿದ್ರಂತೆ ರಜದಲ್ಲಿ. ವೀರಯ್ಯ ಮೇಸ್ತ್ರಿ ನಿಂತು ಹೊಡ್ಸಿದ್ನಂತೆ." ಅಮ್ಜದ್ ಕಾಲಿನಿಂದ ಸೊಪ್ಪನ್ನು ಸರಿಸಿದ. "ನಾವು ಖುಷಿ ಪಡ್ಬೇಕಂತೆ ಕಣೆ. ಪುಕ್ಕಟೆ ಮಾಡ್ಕೊಟ್ಟವ್ರೆ."

ಆ ಇಳಿಜಾರಿನ ಕಥೆ ಹೇಳದೆ ಹೋದರೆ ಈ ಹುಡುಗಿಯ ಉರಿ ಯಾರಿಗೂ ಅರ್ಥವಾಗುವುದಿಲ್ಲ. ಸಕಲೇಶಪುರ ಬಿಟ್ಟು ಹೊಂಗಡಹಳ್ಳದ ಕಡೆ ಹೋಗುವ ರಸ್ತೆಯಲ್ಲಿ ಒಂದು ಗುಡ್ಡದ ಸೊಂಟಕ್ಕೆ ಬುಲ್ಡೋಜರ್ ಹಚ್ಚಿ, ಮಟ್ಟ ಮಾಡಿ ಕಾಲೇಜು ಕಟ್ಟಿದ್ದರು. ಕೊರೆದ ಗುಡ್ಡ ಸುಮ್ಮನಿರುತ್ತದೆಯೇ? ಪ್ರತಿ ಮಳೆಗಾಲದಲ್ಲಿ ಮಣ್ಣು ಜರಿದು ಹುಡುಗಿಯರ ಹಾಸ್ಟೆಲಿನ ಬಚ್ಚಲಿಗೇ ಬಂದು ಕೂರುತ್ತಿತ್ತು. ಆಡಳಿತ ಮಂಡಳಿಯವರು ಪ್ರತಿ ವರ್ಷ ಬಂದು ನೋಡಿ, ತಡೆಗೋಡೆ ಕಟ್ಟಿಸಿಯೇಬಿಡೋಣ ಎಂದು ಹೇಳಿ, ಟೀ ಕುಡಿದು ಹೋಗುತ್ತಿದ್ದರು. ಗೋಡೆ ಅವರ ಬಾಯಲ್ಲೇ ಎದ್ದು ಬಾಯಲ್ಲೇ ಬೀಳುತ್ತಿತ್ತು. ನವ್ಯಶ್ರೀ ಮೊದಲ ವರ್ಷದ ಬಿಎಸ್ಸಿಗೆ ಸೇರಿದಾಗ ಸಸ್ಯಶಾಸ್ತ್ರ ಹೇಳುತ್ತಿದ್ದ ಇಂದ್ರಮ್ಮ ಮೇಡಂ ಎನ್ನೆಸ್ಸೆಸ್ ಹುಡುಗರನ್ನು ಕರೆದು, "ಗೋಡೆ ಬರೋ ತನಕ ಕಾಯೋದು ಬೇಡ, ಬೇರು ಇಳಿಸೋಣ" ಎಂದಿದ್ದರು.

ಆ ವರ್ಷದ ಶಿಬಿರ ನಡೆದದ್ದು ಎಡಕುಮೇರಿಯ ಕಡೆ. ಹಳಿ ಬದಲಾಯಿಸುವ ಕೆಲಸಕ್ಕೆಂದು ರೈಲು ನಿಂತುಹೋಗಿದ್ದ ಕಾಲ. ಹುಡುಗರು ಹಳಿ ಹಿಡಿದು ನಡೆದು, ಕಾಡಂಚಿನಲ್ಲಿ ಬಿದ್ದ ಬೀಜಗಳನ್ನು ಆರಿಸಿ ಗೋಣಿಯಲ್ಲಿ ತಂದರು. ಹೆಬ್ಬಲಸಿನ ಬೀಜದಲ್ಲಿ ಅರ್ಧಕ್ಕರ್ಧವನ್ನು ಅಮ್ಜದ್ ಕೆಂಡದಲ್ಲಿ ಸುಟ್ಟು ತಿಂದು ಮುಗಿಸಿದ್ದ. "ಇನ್ನರ್ಧ ಕಾಡಿಗೆ ಬಿಟ್ಟಿದ್ದೀನಲ್ಲ, ಅದೇ ದೊಡ್ಡದು" ಎಂದು ಅವನ ಸಮಜಾಯಿಷಿ. ಉಳಿದದ್ದನ್ನು ಹಾಸ್ಟೆಲಿನ ಖಾಲಿ ಹಾಲಿನ ಪ್ಯಾಕೆಟ್ಟುಗಳಲ್ಲಿ ಮಣ್ಣು ತುಂಬಿ ಮೊಳೆಸಿದರು. ಅಡುಗೆಮನೆಯ ತಿಪ್ಪೆ ಗೊಬ್ಬರವಾಯಿತು, ಪಾತ್ರೆ ತೊಳೆದ ನೀರು ಕಾಲುವೆಯಲ್ಲಿ ಗಿಡಗಳ ಬುಡಕ್ಕೆ ಹರಿಯಿತು. ಮೊದಮೊದಲು ಪ್ರತಿ ಗಿಡಕ್ಕೂ ಒಂದು ಬಿದಿರುಗೂಟ ಕೊಟ್ಟಿದ್ದರು. ಗೂಟಗಳು ಒಂದೊಂದೇ ಹಾಸ್ಟೆಲಿನ ಒಲೆಗೆ ಹೋದವು, ಬರಿದಾದ ಗಿಡಗಳು ದನಗಳ ಬಾಯಿಗೆ ಹೋದವು. ಆಮೇಲೆ ಇಂದ್ರಮ್ಮ ಮೇಡಂ ಬೇರೆ ದಾರಿ ಹಿಡಿದರು. ಗೂಟ ಬೇಡ, ಕಳೆ ಕೀಳುವುದೂ ಬೇಡ. ಕುರುಚಲು ಹಾಗೇ ಇರಲಿ, ಗಿಡ ಅದರ ಮರೆಯಲ್ಲಿ ಬೆಳೆಯಲಿ, ದನಕ್ಕೂ ಕಾಣುವುದಿಲ್ಲ, ಬಿಸಿಲಿಗೂ ನೆಲ ಒಣಗುವುದಿಲ್ಲ ಎಂದರು. ಹಾಗೇ ಬೆಳೆದವು. ಈ ಸಲದ ಮಳೆಗಾಲದಲ್ಲಿ ಮೊದಲ ಬಾರಿಗೆ ಹಾಸ್ಟೆಲಿನ ಬಚ್ಚಲಿಗೆ ಒಂದು ಹಿಡಿ ಮಣ್ಣೂ ಬಂದಿರಲಿಲ್ಲ. ಹುಡುಗಿಯರು ಆ ಸಂತೋಷಕ್ಕೆ ಪಾಯಸ ಮಾಡಿ ಉಂಡಿದ್ದರು.

ಈಗ ಕಾಫಿ ಸೀಮೆಯವರ ಕಣ್ಣಿನ ಮಾತು. ಇಲ್ಲಿ ತೋಟದ ಮಾನ ಅಳೆಯುವುದು ಮರ ನೋಡಿಯಲ್ಲ, ನೆಲ ನೋಡಿ. ತೋಟದಲ್ಲಿ ಕಳೆ ನಿಂತಿತೆಂದರೆ ಆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೆಂದೇ ಲೆಕ್ಕ. ನೆಂಟರು ಬರುತ್ತಾರೆಂದರೆ ಮನೆಗೆ ಸುಣ್ಣ ಹೊಡೆಸುವ ಮೊದಲು ತೋಟಕ್ಕೆ ಕಳೆ ಹೊಡೆಸುವ ಜನ. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷ ಚನ್ನಬಸವಯ್ಯನವರು ಅಂಥ ಜನಕ್ಕೆ ಹಿರಿಯರು, ಕಣ್ಣು ಹಾಯುವಷ್ಟು ಎಸ್ಟೇಟಿನ ಒಡೆಯರು. ಕಾಲೇಜಿಗೆ ದರ್ಜೆ ಕೊಡಲು ದಿಲ್ಲಿಯಿಂದ ತಂಡವೊಂದು ಬರುತ್ತದೆ ಎಂದು ಗೊತ್ತಾದದ್ದೇ ತಡ, ಅವರು ಕಾಲೇಜಿನ ಸುತ್ತ ಒಂದು ಸುತ್ತು ಬಂದು, ಈ ಕುರುಚಲು ನೋಡಿ ನಾಚಿಕೆಪಟ್ಟು, ಆಳುಗಳನ್ನು ಕಳಿಸಿಬಿಟ್ಟಿದ್ದರು. ಒಳ್ಳೆಯದನ್ನೇ ಮಾಡಿದೆನೆಂದು ಅವರ ನಂಬಿಕೆ. ಅದೇ ನವ್ಯಶ್ರೀಯನ್ನು ಇನ್ನಷ್ಟು ಉರಿಸಿದ್ದು. ಹಗೆಯಿಂದ ಕಡಿದಿದ್ದರೆ ಮುಖಕ್ಕೆ ಉಗಿಯಬಹುದಿತ್ತು. ಉಪಕಾರ ಮಾಡಿ ಕೈ ತೊಳೆದುಕೊಂಡವರಿಗೆ ಏನು ಮಾಡುವುದು?

ಅವಳು ಪ್ರಿನ್ಸಿಪಾಲ್ ನಟರಾಜ್ ಸರ್ ಕೋಣೆಗೆ ಹೋದಳು. ಯಾವತ್ತೂ ವಿದ್ಯಾರ್ಥಿಗಳಿಗೆ ಕುರ್ಚಿ ತೋರಿಸದ ಮನುಷ್ಯ ಅವತ್ತು, "ಬಾಮ್ಮ, ಕೂತ್ಕೋ" ಎಂದರು. ಅವರಿಗೆ ಎಲ್ಲ ಗೊತ್ತಿದೆ ಎಂದು ಆ ಒಂದು ಮಾತಿನಲ್ಲೇ ತಿಳಿಯಿತು. ಅವಳು ಕೂರಲಿಲ್ಲ.

"ಸರ್, ಅಲ್ಲಿ ನಮ್ಮ ಗಿಡ ಇದ್ವು ಅಂತ ನಿಮಗೆ ಗೊತ್ತಿತ್ತು. ಆಳು ಬಂದಾಗ ಹೇಳ್ಬೋದಿತ್ತಲ್ಲ?"

"ನಾನು ರಜದಲ್ಲಿ ಊರಿಗೆ ಹೋಗಿದ್ದೆ ಕಣಮ್ಮ. ಆಗಿದ್ದು ಆಗೋಯ್ತು. ಈಗ ಮುಂದಿನ ಮಾತು. ತಂಡಕ್ಕೆ ಆಗಲೇ ಬರೆದು ಕಳಿಸಿಬಿಟ್ಟಿದ್ದೀವಿ, ನಮ್ಮ ವಿದ್ಯಾರ್ಥಿಗಳು ಊರಿನ ಮರಗಳ ಕಾಡನ್ನೇ ಬೆಳೆಸಿದ್ದಾರೆ ಅಂತ. ಅವರು ಮೊದಲು ನೋಡೋಕೆ ಬರೋದೇ ಅಲ್ಲಿಗೆ."

"ಹಾಗಾದ್ರೆ ಇದ್ದಿದ್ದನ್ನ ಇದ್ದ ಹಾಗೆ ಹೇಳೋಣ ಸರ್. ಬೊಡ್ಡೆಗಳಿವೆಯಲ್ಲ, ಬೇರು ಸತ್ತಿಲ್ಲ. ಹೊನ್ನೆ, ನಂದಿ ಬೊಡ್ಡೆಯಿಂದ ಚಿಗುರ್ತವೆ. ತಪ್ಪಾಗಿ ಕಡಿದ್ರು, ಮತ್ತೆ ಬೆಳೆಸ್ತಿದ್ದೀವಿ ಅಂತ ತೋರಿಸೋಣ. ಅದರಲ್ಲಿ ನಾಚಿಕೆ ಏನಿದೆ?"

ನಟರಾಜ್ ಸರ್ ಗೋಡೆಯ ಮೇಲಿದ್ದ ಅಧ್ಯಕ್ಷರ ಫೋಟೋ ಕಡೆಗೊಮ್ಮೆ ನೋಡಿದರು. "ತಪ್ಪು ಯಾರದು ಅಂತ ಕೇಳಿದ್ರೆ ಏನ್ ಹೇಳ್ತೀಯ? ದೊಡ್ಡವರಿಗೆ ಮುಜುಗರ ಮಾಡೋ ಕೆಲಸ ಬೇಡ. ನೀನು ಇಂಗ್ಲಿಷ್ ಚೆನ್ನಾಗಿ ಮಾತಾಡ್ತೀಯ. ತಂಡದ ಜೊತೆ ಇರೋದು ನೀನೇ, ವಿವರಿಸೋದು ನೀನೇ. ಪೋಷಕರೂ ಬರ್ತಾರೆ, ಅವರು ಕನ್ನಡದಲ್ಲಿ ಹೇಳಿದ್ದನ್ನ ಇಂಗ್ಲಿಷಿಗೆ ಹೇಳೋದೂ ನೀನೇ. ಗಿಡದ ವ್ಯವಸ್ಥೆ ನಾವು ಮಾಡ್ತೀವಿ."

ಗಿಡದ ವ್ಯವಸ್ಥೆ ಏನೆಂದು ಅವತ್ತು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಎಸ್ಟೇಟಿನ ಟ್ರ್ಯಾಕ್ಟರ್ ಹಾಸ್ಟೆಲ್ ಮುಂದೆ ನಿಂತಾಗ. ಟ್ರೈಲರಿನ ತುಂಬ ದೊಡ್ಡ ದೊಡ್ಡ ಚೀಲದಲ್ಲಿ ಬೆಳೆಸಿದ ಸಿಲ್ವರ್ ಗಿಡಗಳು. ಜರೀಗಿಡದಂಥ ಸೀಳು ಎಲೆ, ಗಾಳಿಗೆ ತಿರುಗಿದರೆ ಬೆಳ್ಳಿಬಣ್ಣದ ಬೆನ್ನು. ಕಾಫಿಗೆ ನೆರಳಿಗೆಂದು, ಮೆಣಸಿನ ಬಳ್ಳಿ ಹಬ್ಬಿಸಲೆಂದು ಈ ಸೀಮೆಯ ಪ್ರತಿ ತೋಟದಲ್ಲೂ ನಿಲ್ಲಿಸುವ ಮರ. ಬೇರೆ ದೇಶದಿಂದ ಬಂದದ್ದು, ಈಗ ಮನೆ ಅಳಿಯನ ಹಾಗೆ ಎಲ್ಲೆಲ್ಲೂ ಅದೇ. ಆಳುಗಳು ಗುದ್ದಲಿ ಹಿಡಿದು ಇಳಿದರು. ಗುಂಡಿ ಎಲ್ಲಿ ತೋಡಬೇಕೆಂದು ಅವರು ಹುಡುಕಲೂ ಇಲ್ಲ. ಬೊಡ್ಡೆ ಇದ್ದಲ್ಲಿ ಮಣ್ಣು ಸಡಿಲ. ಹೊನ್ನೆಯ ಬೊಡ್ಡೆ ಕಿತ್ತು, ಆ ಗುಂಡಿಗೇ ಸಿಲ್ವರ್ ಇಳಿಸಿದರು.

ಆಗ ಚನ್ನಬಸವಯ್ಯನವರೂ ಜೀಪಿನಲ್ಲಿ ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಮುಖದ ತುಂಬ ನಗು. ನವ್ಯಶ್ರೀ ಓಡಿಹೋಗಿ ಎದುರಿಗೆ ನಿಂತಳು.

"ಸರ್, ನಿಲ್ಸಿ ಸರ್. ಆ ಬೊಡ್ಡೆಗಳು ನಮ್ಮ ಗಿಡದವು. ಬಿಟ್ರೆ ಚಿಗುರ್ತವೆ."

"ನೀನು ವೆಂಕಟೇಶನ ಮಗಳಲ್ವೇನಮ್ಮ? ನಮ್ಮ ತೋಟದ ಹಿಂದಿನೋನು," ಎಂದರು ಅವರು ಪ್ರೀತಿಯಿಂದಲೇ. "ಆ ಕಾಡೊಳಗೆ ಗಿಡ ಇದ್ವಾ? ನಮ್ಮ ವೀರಯ್ಯನ ಕಣ್ಣಿಗೇ ಕಾಣ್ಲಿಲ್ಲ ಅಂದ್ರೆ ಅದೆಂಥ ಗಿಡ ಮಾಡಿದ್ರಿ ಮಾರಾಯ್ತಿ. ಈಗ ನೋಡು, ನೆಲ ಹೆಂಗೆ ಕಾಣ್ತೈತೆ."

"ನೆಲ ಕಾಣಬಾರದು ಅಂತಲೇ ನಾವು ಬಿಟ್ಟಿದ್ದು ಸರ್. ಕಂಡ್ರೆ ಮಳೆಗೆ ಜರಿಯುತ್ತೆ."

"ಸಿಲ್ವರ್ ಹಾಕ್ತಿದೀವಲ್ಲ, ನಿಲ್ತದೆ ಬಿಡು. ಹೊನ್ನೆ ಬೆಳ್ಸಿ ಏನ್ ಮಾಡ್ತೀರಮ್ಮ? ನಾಳೆ ಒಂದು ಕೊಂಬೆ ಕಡೀಬೇಕು ಅಂದ್ರೂ ಫಾರೆಸ್ಟ್‌ನೋರ ಕಾಲು ಹಿಡೀಬೇಕು. ಸಿಲ್ವರ್ ಆದ್ರೆ ನಮ್ಮದು, ಬೇಕಾದಾಗ ಕಡ್ಕೋಬೋದು."

ಕಡಿಯಲಿಕ್ಕೆಂದೇ ನೆಡುವವರ ಹತ್ತಿರ ಬೆಳೆಸುವ ಮಾತು ಏನು ಆಡುವುದು? ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರು ಅವಳ ತಲೆ ಸವರಿ, ಮುಂದೆ ನಡೆದುಬಿಟ್ಟಿದ್ದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಇಂದ್ರಮ್ಮ ಮೇಡಂ ಲ್ಯಾಬಿನ ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ನವ್ಯಶ್ರೀ ಅಲ್ಲಿಗೂ ಹೋದಳು. "ನೀವಾದ್ರೂ ಒಂದು ಮಾತು ಹೇಳಿ ಮೇಡಂ" ಎಂದಳು.

"ನಂದು ಅಧ್ಯಕ್ಷರು ವರ್ಷಾ ವರ್ಷಾ ಹೊಸದಾಗಿ ಆರ್ಡರ್ ಕೊಟ್ರೆ ಉಳಿಯೋ ಕೆಲಸ ಕಣಮ್ಮ," ಎಂದರು ಇಂದ್ರಮ್ಮ. ಕಿಟಕಿಯ ಬಾಗಿಲು ಎಳೆದುಕೊಂಡರು. "ನನ್ನ ಬೈಕೊ. ಆದ್ರೆ ನನ್ನ ಕೇಳ್ಬೇಡ."

ಅವಳು ಬೈದುಕೊಳ್ಳಲಿಲ್ಲ. ಬೈದುಕೊಳ್ಳುವುದಕ್ಕೆ ಅವತ್ತು ಸಂಜೆ ಇನ್ನೂ ದೊಡ್ಡ ಕಾರಣ ಸಿಕ್ಕಿತು. ಗಿಡಗಳಿಗೆ ಕಟ್ಟಲೆಂದು ಅಮ್ಜದ್ ರಜೆಗೆ ಮುಂಚೆ ಒಂದು ತಿಂಗಳು ಕೂತು ತಗಡಿನ ಫಲಕಗಳನ್ನು ಮಾಡಿದ್ದ. ಅಪ್ಪನ ಬ್ರಷ್ಷು, ಅಪ್ಪನ ಬಣ್ಣ. ಹಸಿರು ತಗಡಿನ ಮೇಲೆ ಬಿಳಿ ಅಕ್ಷರ, ಲಾರಿ ಹಣೆಯ ಮೇಲೆ ಬರೆಯುವಂಥ ದುಂಡನೆಯ ಅಕ್ಷರ. ಹೊನ್ನೆ, ನಂದಿ, ಹೆಬ್ಬಲಸು, ನೇರಳೆ, ಕೆಳಗೆ ಶಾಸ್ತ್ರೀಯ ಹೆಸರು. ಪ್ರಿನ್ಸಿಪಾಲರ ಜವಾನ ಆ ಫಲಕಗಳನ್ನು ಎನ್ನೆಸ್ಸೆಸ್ ಕೋಣೆಯಿಂದ ತೆಗೆಸಿಕೊಂಡು ಹೋಗಿ ಒಂದೊಂದು ಸಿಲ್ವರ್ ಗಿಡಕ್ಕೆ ಒಂದೊಂದನ್ನು ತಂತಿಯಿಂದ ಕಟ್ಟಿದ್ದ. ಇಳಿಜಾರಿನ ತುಂಬ ಒಂದೇ ಜಾತಿಯ ಗಿಡ, ಊರಿನ ಎಲ್ಲ ಜಾತಿಯ ಹೆಸರು.

"ಇವ್ರ ಮನೆ ಹಾಳಾಗ," ಎಂದ ಅಮ್ಜದ್ ಫಲಕಗಳನ್ನು ನೋಡುತ್ತ. "ನನ್ ಅಕ್ಷರ ಕಣೆ ಅದು. ನನ್ ಕೈಯಿಂದ್ಲೇ ಸುಳ್ಳು ಬರ್ಸ್ಬುಟ್ರು."

"ತೆಗೆದುಬಿಡೋಣ."

"ತೆಗ್ದೆ ಆಗ್ಲೆ. ಮತ್ತೆ ಕಟ್ಟುದ್ರು. ನನ್ನ ಕರ್ದು, ಎರಡನೇ ಸಲ ಮುಟ್ಟುದ್ರೆ ಟೀಸಿ ಕೈಗೆ ಕೊಡ್ತೀವಿ ಅಂದ್ರು."

ಭಾನುವಾರ ಅವಳು ಊರಿಗೆ ಹೋದಳು. ಅವಳ ಮನೆಗೆ ಹೋಗುವ ದಾರಿಯ ವಿಷಯವನ್ನೂ ಹೇಳಬೇಕು. ಬಸ್ಸು ಇಳಿದರೆ ಎದುರಿಗೆ ಚನ್ನಬಸವಯ್ಯನವರ ಎಸ್ಟೇಟಿನ ಕಬ್ಬಿಣದ ಗೇಟು. ಗೇಟಿನೊಳಗೆ ಹೋಗಿ, ಸ್ಟೋರ್ ದಾಟಿ, ಆಳುಗಳ ಲೈನ್ ಮನೆಗಳನ್ನು ದಾಟಿ ಹೋದರೆ ಅದರ ಹಿಂದೆ ಅವಳ ಅಪ್ಪ ವೆಂಕಟೇಶನ ಸಣ್ಣ ತೋಟ. ಅಜ್ಜನ ಕಾಲದಿಂದ ಓಡಾಡಿದ ದಾರಿ, ಆದರೆ ಕಾಗದದಲ್ಲಿ ಇಲ್ಲದ ದಾರಿ. ಬೇರೆ ಕಡೆಯಿಂದ ಹೋಗಬೇಕೆಂದರೆ ಹಳ್ಳ ಇಳಿದು, ಗುಡ್ಡ ಹತ್ತಬೇಕು. ಪಕ್ಕದ ತೋಟದ ಗಿಡ್ಡಯ್ಯ ಒಂದು ಸಲ ಬೇಲಿಯ ವಿಷಯಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೊತೆ ಜಗಳ ತೆಗೆದಿದ್ದ. ಯಾರೂ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಗೇಟಿಗೊಂದು ಬೀಗ ಬಿತ್ತು, ಅಷ್ಟೆ. ಅವನ ಕಾಫಿಮೂಟೆಗಳು ತಲೆಹೊರೆಯಲ್ಲಿ ಹಳ್ಳ ದಾಟಿದವು. ಪಾರ್ಶ್ವವಾಯು ಬಡಿದ ಅವನ ತಾಯಿಯನ್ನು ಕುರ್ಚಿಗೆ ಕಟ್ಟಿ ಹೊತ್ತು ರಸ್ತೆಗೆ ತಂದರು. ಮುಂದಿನ ಸುಗ್ಗಿಗೆ ಗಿಡ್ಡಯ್ಯ ಹೋಗಿ ಕ್ಷಮೆ ಕೇಳಿದ, ಬೀಗ ತೆರೆಯಿತು. ಚನ್ನಬಸವಯ್ಯನವರು ಆಗಲೂ ನಗುತ್ತಲೇ ಮಾತಾಡಿಸಿದರಂತೆ.

ಅಪ್ಪ ತೋಟದಲ್ಲಿ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಕಟ್ಟುತ್ತಿದ್ದ. ಅವನೇ ನೆಟ್ಟ ಮರಗಳು. ಮುಟ್ಟಿದರೆ ಸಾಕು ಕತ್ತಲಲ್ಲೂ ಯಾವುದು ಯಾವ ವರ್ಷದ್ದೆಂದು ಹೇಳುತ್ತಿದ್ದ. ನವ್ಯಶ್ರೀ ಅವನಿಗೆ ಎಲ್ಲ ಹೇಳಿದಳು. ಅವನು ಬಳ್ಳಿ ಬಿಡದೆ ಕೇಳಿಸಿಕೊಂಡ.

"ಕಳೆ ಹೊಡ್ಸಿರೋದು ನಾನೂ ನೋಡ್ದೆ ಬಸ್ಸಲ್ಲಿ ಹೋಗ್ತಾ," ಎಂದ. "ಚೆನ್ನಾಗಿ ಹೊಡ್ದವ್ರೆ ಅಂತ ಅನ್ಕೊಂಡೆ. ನಿನ್ ಗಿಡ ಇದ್ವು ಅಂತ ಗೊತ್ತಿರ್ಲಿಲ್ಲ ಕಣವ್ವ."

"ನಾಡಿದ್ದು ಆ ತಂಡ ಬಂದಾಗ ನಾನು ಹೇಳ್ಬುಡ್ತೀನಿ ಅಪ್ಪ. ಇದು ಹೊನ್ನೆಯಲ್ಲ, ಸಿಲ್ವರ್ ಅಂತ."

ಅಪ್ಪನ ಕೈ ನಿಂತಿತು. "ನಾನೂ ಬರ್ಬೇಕಂತೆ ಅವತ್ತು. ಮಕ್ಳ ತಂದೆ ತಾಯಿನೂ ಮಾತಾಡುಸ್ತಾರಂತಲ್ಲ, ಸಾವ್ಕಾರ್ರೇ ಖುದ್ದು ಜೀಪ್ ನಿಲ್ಸಿ ಕರೆದ್ರು. ಇನ್ನೂ ಏನೇನೋ ಮಾತಾಡುದ್ರು. ರಸ್ತೆಗೆ ಈ ಸಲ ಜಲ್ಲಿ ಹಾಕ್ಸಣ ಕಣೋ ವೆಂಕಟೇಶ, ನಿನ್ ಕಾಫಿ ಹೋಗಕ್ಕೂ ಆಗ್ತದೆ ಅಂದ್ರು."

"ಯಾವತ್ತೂ ಇಲ್ಲದ್ದು ಈಗ್ಯಾಕೆ ಅಂದ್ರು ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ದೆ ಏನು? ಕೂದಲು ಸುಮ್ನೆ ಬೆಳ್ಳಗಾಗಿಲ್ಲ ನಂದು." ಅವನು ಮತ್ತೆ ಬಳ್ಳಿ ಹಿಡಿದ. "ಗಿಡ ಹೋದ್ರೆ ಇನ್ನೊಂದು ಹಾಕ್ಬೋದು ಮಗಾ. ರಸ್ತೆ ಹೋದ್ರೆ ಎಲ್ಲಿಂದ ತರಾನ? ಸುಮ್ನಿದ್ಬುಡು."

"ನೀನು ಸುಳ್ಳು ಹೇಳು ಅಂತೀಯ."

"ಸುಳ್ಳು ಹೇಳು ಅಂದ್ನಾ ನಾನು? ಸುಮ್ನಿರು ಅಂದೆ."

ಅವಳು ಮಾತು ಕೊಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಆದರೆ ಅವಳು ಬಸ್ಸಿಗೆ ಹೊರಟಾಗ ಅಪ್ಪ ಗೇಟಿನ ತನಕ ಬಂದು, ಕಾವಲುಗಾರನಿಗೆ ಅವಳ ಎದುರಿಗೇ ಕೈ ಮುಗಿದ. ಅದನ್ನು ಅವಳು ನೋಡಲಿ ಎಂದೇ ಮುಗಿದನೋ, ದಿನಾ ಮುಗಿಯುತ್ತಿದ್ದನೋ ಅವಳಿಗೆ ತಿಳಿಯಲಿಲ್ಲ.

ತಂಡ ಬಂದಿತು. ಗೇಟಿನಲ್ಲಿ ಓಲಗ, ಹೂವಿನ ಹಾರ, ತಲೆಗೆ ಮೈಸೂರು ಪೇಟ. ಮುಖ್ಯಸ್ಥೆಯಾಗಿ ಬಂದಿದ್ದವರು ನೆರೆತ ಕೂದಲಿನ ಒಬ್ಬ ಪ್ರಾಧ್ಯಾಪಕಿ, ಉತ್ತರದ ಕಡೆಯವರು, ಕನ್ನಡ ಒಂದಕ್ಷರ ಬಾರದು. ಪೇಟ ತೊಡಿಸಿದಾಗ ಮಗುವಿನ ಹಾಗೆ ನಕ್ಕರು. ಒಳ್ಳೆಯ ಹೆಂಗಸು ಎಂದು ನವ್ಯಶ್ರೀಗೆ ಮೊದಲ ನೋಟಕ್ಕೇ ಅನ್ನಿಸಿತು, ಅನ್ನಿಸಿದ್ದಕ್ಕೆ ಸಂಕಟವೂ ಆಯಿತು. ಲೈಬ್ರರಿ ನೋಡಿದರು, ಲ್ಯಾಬ್ ನೋಡಿದರು, ಕೊನೆಗೆ ಎಲ್ಲರೂ ಇಳಿಜಾರಿಗೆ ಬಂದರು. ತಂಡದವರ ಹಿಂದೆ ಪ್ರಿನ್ಸಿಪಾಲರು, ಅಧ್ಯಕ್ಷರು, ಮೇಷ್ಟ್ರುಗಳು, ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಪೋಷಕರು. ಅಪ್ಪ ಮದುವೆಗೆ ಮಾತ್ರ ಹಾಕುವ ಬಿಳಿ ಷರಟು ಹಾಕಿಕೊಂಡು, ಅದೇ ಕಾಲೇಜಿಗೆ ಮಗನನ್ನು ಕಳಿಸುತ್ತಿದ್ದ ಗಿಡ್ಡಯ್ಯನ ಪಕ್ಕದಲ್ಲಿ ನಿಂತಿದ್ದ.

ಮುಖ್ಯಸ್ಥೆ ಹತ್ತಿರದ ಗಿಡಕ್ಕೆ ಕಟ್ಟಿದ್ದ ಹೊನ್ನೆಯ ಫಲಕವನ್ನು ಬೆರಳಿನಿಂದ ಮುಟ್ಟಿದರು. "ಎಷ್ಟು ಚೆಂದದ ಅಕ್ಷರ," ಎಂದರು ಇಂಗ್ಲಿಷಿನಲ್ಲಿ. "ನನ್ನ ವಿಷಯ ಚರಿತ್ರೆ, ಮರಗಿಡ ನನಗೆ ತಿಳಿಯದು. ಹೇಳಮ್ಮ, ಇದೇನಾ ನೀವು ಕಾಡಿನಿಂದ ಬೀಜ ತಂದು ಬೆಳೆಸಿದ ಊರಿನ ಮರ?"

ಹೇಳಬೇಕಾದ ಮಾತನ್ನು ನಟರಾಜ್ ಸರ್ ಬರೆದುಕೊಟ್ಟು, ಎರಡು ದಿನ ಕೂರಿಸಿ ಬಾಯಿಪಾಠ ಮಾಡಿಸಿದ್ದರು. ಅದು ಅವಳ ನಾಲಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಆ ಗಿಡದ ಬುಡದಲ್ಲಿ, ಮಣ್ಣು ಸರಿಯಾಗಿ ಮುಚ್ಚದ ಕಡೆ, ನರ್ಸರಿಯ ಕಪ್ಪು ಚೀಲದ ಅಂಚು ಹೊರಗೆ ಇಣುಕಿದ್ದು ಕಂಡಿತು. ಚೀಲ ಹರಿಯದೆ ಹಾಗೇ ಹೂತಿದ್ದರು. ಬೇರಿಗೆ ನೆಲ ಮುಟ್ಟುವ ಭಾಗ್ಯವೂ ಇಲ್ಲ. ಸಿಲ್ವರನ್ನಾದರೂ ನೆಟ್ಟಿದ್ದಾರೆಯೇ ಎಂದರೆ ಅದನ್ನೂ ನೆಟ್ಟಿರಲಿಲ್ಲ ಈ ಪುಣ್ಯಾತ್ಮರು.

"ಅಲ್ಲ ಮೇಡಂ," ಎಂದಳು ನವ್ಯಶ್ರೀ. "ಇದು ಸಿಲ್ವರ್ ಓಕ್. ಹೋದ ವಾರ ತಂದು ಇಟ್ಟಿದ್ದು. ನಾವು ಬೆಳೆಸಿದ್ದನ್ನು ಕಡಿದುಹಾಕಿದ್ದಾರೆ."

ನಟರಾಜ್ ಸರ್ ನಗಲು ನೋಡಿದರು. "ಹುಡುಗಿ ಹೆದರಿದ್ದಾಳೆ ಮೇಡಂ. ಗಾಬರಿಯಲ್ಲಿ ಹೆಸರು ತಪ್ಪಿದೆ. ಫಲಕದಲ್ಲಿ ಇರೋದೇ ಸರಿ."

"ನಾನು ಹೆದರಿಲ್ಲ ಸರ್," ಎಂದಳು ಅವಳು ಕನ್ನಡದಲ್ಲಿ.

ಮುಖ್ಯಸ್ಥೆ ಒಮ್ಮೆ ಅವಳನ್ನು, ಒಮ್ಮೆ ಪ್ರಿನ್ಸಿಪಾಲರನ್ನು ನೋಡಿದರು. ನಗು ಹೋಗಿತ್ತು. ಹಿಂದೆ ನಿಂತ ಪೋಷಕರ ಕಡೆ ತಿರುಗಿದರು. "ಇವರೆಲ್ಲ ತೋಟದವರು ಎಂದು ಹೇಳಿದಿರಿ. ಹಾಗಾದರೆ ಜಗಳ ಯಾಕೆ, ಇವರನ್ನೇ ಕೇಳೋಣ. ಕೇಳಮ್ಮ, ಇದು ಯಾವ ಮರವಂತೆ?"

ನವ್ಯಶ್ರೀಯ ಎದೆ ಹಗುರಾಯಿತು. ಇನ್ನೇನು ಬೇಕು? ಇಷ್ಟು ಜನರಲ್ಲಿ ಸಿಲ್ವರ್ ನೆಡದವನು ಒಬ್ಬನಿಲ್ಲ, ಅದರ ನೆರಳಲ್ಲಿ ಕೂತು ಬುತ್ತಿ ಬಿಚ್ಚದವನು ಒಬ್ಬನಿಲ್ಲ. ಈ ಸೀಮೆಯಲ್ಲಿ ಅಂಗನವಾಡಿಯ ಮಗು ಕೂಡ ಹೇಳುವ ಹೆಸರು ಅದು. ಅವಳು ದನಿಯೆತ್ತಿ ಕೇಳಿದಳು: "ಇದು ಯಾವ ಗಿಡ ಅಂತ ಮೇಡಂ ಕೇಳ್ತಿದ್ದಾರೆ. ಗೊತ್ತಿರೋರು ಯಾರಾದ್ರೂ ಹೇಳಿ."

ಯಾರೂ ಹೇಳಲಿಲ್ಲ. ಒಬ್ಬರು ಕೆಮ್ಮಿದರು. ಗಿಡ್ಡಯ್ಯ ತನ್ನ ಚಪ್ಪಲಿ ನೋಡಿಕೊಂಡ. ಇಂದ್ರಮ್ಮ ಮೇಡಂ ಕಣ್ಣು ಮುಚ್ಚಿದ್ದರು. ಚನ್ನಬಸವಯ್ಯನವರು ಯಾರನ್ನೂ ನೋಡಲಿಲ್ಲ, ಯಾರಿಗೂ ಸನ್ನೆ ಮಾಡಲಿಲ್ಲ. ಹೆಗಲಿನ ಶಾಲನ್ನು ಸರಿಮಾಡಿಕೊಂಡು ದೂರದ ಗುಡ್ಡ ನೋಡುತ್ತ ನಿಂತರು. ಅಷ್ಟೂ ಗಂಡಸರು ನಾಲಗೆ ನುಂಗಿಕೊಂಡು ನಿಂತಿದ್ದರು. ಸಿಲ್ವರ್ ಎಂಬ ಮೂರು ಅಕ್ಷರಕ್ಕೆ ಇಷ್ಟು ಭಯವೇ ಎಂದು ಕೂಗಿ ಕೇಳಬೇಕೆಂದು ಅವಳಿಗನ್ನಿಸಿತು.

ಆಗ ಅಪ್ಪ ಕೈ ಎತ್ತಿದ. ಎತ್ತಿಕೊಂಡೇ ಒಂದು ಹೆಜ್ಜೆ ಮುಂದೆ ಬಂದ. ಬೆರಳ ಸಂದಿಯಲ್ಲಿ ಇನ್ನೂ ಮೆಣಸಿನ ಬಳ್ಳಿಯ ಕಪ್ಪು ಕಲೆಯಿತ್ತು. ಅವಳು ಅವನನ್ನೇ ನೋಡಿದಳು. ಹೇಳಪ್ಪ, ನೀನೇ ಹೇಳು ಎಂದು ಅವಳ ಒಳಗೆಲ್ಲ ಒಂದೇ ಕೂಗು.

"ಹೊನ್ನೆ," ಎಂದ ಅಪ್ಪ. ಮಗಳ ಕಡೆ ನೋಡಲಿಲ್ಲ. "ಹೊನ್ನೆ ಗಿಡ ಕಣಮ್ಮ ಇದು. ನಮ್ ಕಡೆ ಹಿಂಗೇ ಬರೋದು."

ಒಬ್ಬ ಬಾಯಿ ಬಿಟ್ಟದ್ದೇ ಸಾಕಾಯಿತು. "ಹೂಂ, ಹೊನ್ನೆನೇ" ಎಂದ ಗಿಡ್ಡಯ್ಯ. "ಹೊನ್ನೆ ಹೊನ್ನೆ" ಎಂದು ಹಿಂದಿನಿಂದ ಇನ್ನಿಬ್ಬರು. ಚನ್ನಬಸವಯ್ಯನವರು ಗುಡ್ಡದಿಂದ ಕಣ್ಣು ತೆಗೆದು ಅಪ್ಪನ ಕಡೆ ನೋಡಿ ಮೆಲ್ಲನೆ ತಲೆದೂಗಿದರು.

ಮುಖ್ಯಸ್ಥೆ ನವ್ಯಶ್ರೀಯ ಕಡೆ ತಿರುಗಿದರು. "ಕೈ ಎತ್ತಿದವರು ಏನು ಹೇಳಿದರು?"

ನವ್ಯಶ್ರೀ ಪ್ರಿನ್ಸಿಪಾಲರಿಗೂ ಅಧ್ಯಕ್ಷರಿಗೂ ಸರಿಯಾಗಿ ಕೇಳಿಸುವಂತೆ, ಇಂಗ್ಲಿಷಿನ ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು.

"ಅವರು ನನ್ನ ಅಪ್ಪ, ಮೇಡಂ. ನಮ್ಮ ಮನೆಗೆ ಹೋಗುವ ರಸ್ತೆ ಈ ಅಧ್ಯಕ್ಷರ ಎಸ್ಟೇಟಿನ ಒಳಗೆ ಹಾದು ಹೋಗುತ್ತದೆ. ಅಪ್ಪ ಈಗ ಹೇಳಿದ್ದು ಅದನ್ನೇ."

ಇಂಗ್ಲಿಷ್ ಬಾರದ ವೆಂಕಟೇಶ, ಮಗಳು ಕೊನೆಗೂ ತನ್ನ ಮಾತನ್ನು ಇದ್ದ ಹಾಗೆ ಒಪ್ಪಿಸಿದಳೆಂದುಕೊಂಡ. ಎತ್ತಿದ ಕೈ ಇಳಿಸಿ, ಮುಖ್ಯಸ್ಥೆಯ ಕಡೆ ನೋಡಿ, "ಹೌದು ಮೇಡಂ, ಹೌದು" ಎಂದು ತಲೆಯಾಡಿಸಿದ.